ಬೇಟೆ ಟ್ರಿಪ್ಪಿಗೆ ಬೆಂಕಿ ಮತ್ತು ಅಡುಗೆ ಸಾಮಾನು: ಸಣ್ಣ ಚೀಲದಲ್ಲಿ ಏನು ತುಂಬ್ಬೇಕು, ಯಾಕೆ

ಮೊದಲೇ ಹೇಳ್ಬಿಡ್ತೀನಿ, ಇದು ಅಮೆರಿಕದ ಕೊಲರಾಡೋ ಬೆಟ್ಟದ ಮಾತು, ನಮ್ಮೂರಿಂದಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ಶಿಕಾರಿ ಅಪರಾಧ, ಅದು ಹಾಗೇ ಇರ್ಲಿ ಅಂತಾನೇ ನಾನೂ ಹೇಳೋದು. ಇಲ್ಲಿ ಎಲ್ಕ್ ಅಂತ ಒಂದು ದೊಡ್ಡ ಜಾತಿ ಜಿಂಕೆ ಇದೆ, ನಮ್ಮ ಕಡವೆ ಥರ ಅಂದ್ಕೊಳಿ, ಗಂಡು ಒಂದೊಂದು 300 ಕಿಲೋ ತೂಗುತ್ತೆ, ಸೀಸನ್ನು ಏರಿಯಾ ಎಲ್ಲಾ ನೋಡಿ ಸರ್ಕಾರನೇ ಲೈಸೆನ್ಸ್ ಕೊಡುತ್ತೆ, 1949ರ ಜನವರಿ 1ಕ್ಕೋ ಆಮೇಲೋ ಹುಟ್ಟಿದವರು ಹಂಟರ್ ಎಜುಕೇಷನ್ ಕೋರ್ಸ್ ಪಾಸಾಗದೆ ಆ ಲೈಸೆನ್ಸ್ ಸಿಗಲ್ಲ. ನಾನು ಬಂದೂಕು ಹಿಡಿಯೋನಲ್ಲ. ಗೆಳೆಯರ ಜೊತೆ ಪ್ರತಿ ಅಕ್ಟೋಬರ್ ಇಲ್ಲಿನ ಫ್ಲ್ಯಾಟ್ ಟಾಪ್ಸ್ ಅನ್ನೋ ಬೆಟ್ಟದ ಕಡೆ ಹೋಗ್ತೀನಿ, ಬೆಂಕಿ, ಅಡುಗೆ, ಆಮೇಲೆ ಸಿಕ್ಕಿದ ಮಾಂಸ ಹೊರೋದು, ಇಷ್ಟು ನನ್ನ ಪಾಲು. ಹೊಸದಾಗಿ ಹೋಗೋಕೆ ಶುರು ಮಾಡಿರೋ ನಮ್ಮ ಕನ್ನಡದ ಹುಡುಗರು ಇಬ್ಬರು ಮೂವರು ಕಿಟ್ ಹೇಗೆ ಮಾಡ್ಕೋಬೇಕು ಅಂತ ಕೇಳ್ತಾನೇ ಇದ್ರು, ಅದಕ್ಕೆ ಇದು.

ಒಂದು ವಿಷಯ ತಲೇಲಿ ಕೂತ್ಕೊಂಡ್ರೆ ಉಳಿದಿದ್ದೆಲ್ಲಾ ತಾನಾಗೇ ಗೊತ್ತಾಗುತ್ತೆ. ಬೆಂಕಿ ಬೇರೆ, ಅಡುಗೆ ಬೇರೆ. ಅಡುಗೆ ಮಾಡೋದು ಸ್ಟೌ ಮೇಲೆ, ಅದು ಬ್ಯಾಗಲ್ಲಿ ಇರುತ್ತೆ. ಬೆಂಕಿ ಹಚ್ಚೋ ಸಾಮಾನು ಜೀವ ಉಳಿಸೋಕೆ, ಅದು ಮೈಮೇಲೆ, ಜೇಬಲ್ಲೇ ಇರ್ಬೇಕು. ತುಂಬಾ ಜನ ಎರಡನ್ನೂ ಒಂದೇ ಡಬ್ಬಿಗೆ ತುಂಬ್ತಾರೆ, ನೋಡೋಕೆ ಚೆಂದ, ಆದ್ರೆ ಬೇಟೆ ಅಂದ್ರೆ ಟ್ರೆಕ್ಕಿಂಗ್ ಥರ ಒಂದು ದಾರೀಲಿ ಹೋಗಿ ಬರೋದಲ್ಲ. ಬೆಳಗ್ಗೆ 4 ಗಂಟೆಗೆ ಕತ್ತಲಲ್ಲಿ ಹೊರಡ್ತಾರೆ, ಪ್ರಾಣಿ ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಹೋಗ್ಬೇಕು, ಮಧ್ಯದಲ್ಲಿ ಭಾರ ಅಂತ ಬ್ಯಾಗನ್ನ ಮರದ ಕೆಳಗೆ ಇಟ್ಟು ಮುಂದೆ ಹೋಗ್ತಾರೆ, ವಾಪಸ್ ಬರೋವಾಗ ಕತ್ತಲೆ, ಆ ಮರ ಯಾವುದು ಅಂತ ಗೊತ್ತಾಗಲ್ಲ.

ನನಗೆ ಇದು ಗೊತ್ತಾಗಿದ್ದು ಎರಡನೇ ವರ್ಷ. ಒಬ್ಬ ಗೆಳೆಯನ ಜೊತೆ ಮಧ್ಯಾಹ್ನ ಮಂಜು ಬೆರೆತ ಮಳೇಲಿ ಸಿಕ್ಕಾಕೊಂಡ್ವಿ, ಇಬ್ಬರೂ ಪೂರ್ತಿ ನೆನೆದ್ವಿ, ಕ್ಯಾಂಪ್ ಇನ್ನೂ 5 ಕಿಲೋಮೀಟರ್ ದೂರ, ಗಾಳಿ ಬೇರೆ. ಬೆಂಕಿ ಸಾಮಾನೆಲ್ಲಾ ಚೆನ್ನಾಗಿ ಜೋಡಿಸಿ ಕ್ಯಾಂಪಿನ ಅಡುಗೆ ಡಬ್ಬೀಲಿ ಇಟ್ಟಿದ್ದೆ. ಜೇಬಲ್ಲಿ ಒಂದೇ ಒಂದು ಲೈಟರ್. ಅದರ ಚಕ್ರ ತಿರುಗಿಸೋಕೆ ಹೆಬ್ಬೆರಳು ಬಗ್ಗಲೇ ಇಲ್ಲ. ಬೆರಳು ಮರಗಟ್ಟೋದು ಅಂದ್ರೆ ನೋವಾಗೋದು ಅಂದ್ಕೊಂಡಿದ್ದೆ, ಹಾಗಲ್ಲ, ನೋವು ಮೊದಲೇ ಹೋಗಿರುತ್ತೆ, ಕೈ ನಮ್ಮದೇ ಅಲ್ಲ ಅನ್ಸುತ್ತೆ. ಇಬ್ಬರೂ ಕೈನ ಕಂಕುಳಲ್ಲಿ ಇಟ್ಕೊಂಡು ಕೂತು, ಲೈಟರನ್ನ ಅಂಗಿ ಒಳಗೆ ಬಿಸಿ ಮಾಡಿ, ಕೊನೆಗೂ ಹತ್ತಿಸಿದ್ವಿ, ಆದ್ರೆ ಆ ಅರ್ಧ ಗಂಟೆ ನಾನು ಮರೆಯಲ್ಲ. ಅವತ್ತಿಂದ ನಾನು ಕಿಟ್ ಅಳೆಯೋದು ಗ್ರಾಂ ಲೆಕ್ಕದಲ್ಲಲ್ಲ. ಮರಗಟ್ಟಿದ ಕೈಯಲ್ಲಿ, ಕತ್ತಲಲ್ಲಿ, 10 ನಿಮಿಷದೊಳಗೆ ಬೆಂಕಿ ಬರುತ್ತಾ ಅಂತ ನೋಡ್ತೀನಿ.

ಲೈಟರ್ ಯಾಕೆ ಕೈ ಕೊಡುತ್ತೆ ಅಂದ್ರೆ ಅದರೊಳಗಿನ ಬ್ಯೂಟೇನ್ ದ್ರವವಾಗಿ ಇರುತ್ತೆ, ಅದು ಆವಿಯಾಗಿ ಮೇಲೆ ಬಂದ್ರೆ ಮಾತ್ರ ಉರಿಯೋದು, ಬ್ಯೂಟೇನ್ ಕುದಿಯೋ ಬಿಂದು ಮೈನಸ್ 0.5 ಡಿಗ್ರಿ. ಹೊರಗೆ ಮೈನಸ್ 10 ಇದ್ರೆ ಅದು ಹತ್ತೋವಷ್ಟು ಆವಿ ಆಗಲ್ಲ. ಹಾಗಾಗಿ ಲೈಟರ್ ಒಳ ಅಂಗಿ ಜೇಬಲ್ಲಿ, ಮೈಗೆ ತಾಗೋ ಹಾಗಿರ್ಬೇಕು. ಚಕ್ರ ತಿರುಗಿಸೋ ಮಾಮೂಲಿ ಬಿಕ್ ಲೈಟರೇ ಒಳ್ಳೇದು, ಟಕ್ ಅಂತ ಗುಂಡಿ ಒತ್ತೋ ಜಾತಿ ಎತ್ತರದ ಜಾಗದಲ್ಲಿ ಸರಿಯಾಗಿ ಕೆಲಸ ಮಾಡಲ್ಲ. ಎರಡು ಇಟ್ಕೊಳಿ, ಒಂದು ಜೇಬಲ್ಲಿ ಒಂದು ಬ್ಯಾಗಲ್ಲಿ.

ಲೈಟರ್ ಜೊತೆಗೆ ಫೆರೋ ರಾಡ್ ಬೇಕು. ಇದನ್ನ ನಮ್ಮವರು ಚೆಕ್ಕುಮುಕಿ ಕಲ್ಲು ಅಂತ ಕರೆಯೋದು ಕೇಳಿದೀನಿ, ಕೆಲಸ ಅದೇ ಆದ್ರೂ ವಸ್ತು ಬೇರೆ. ಚೆಕ್ಕುಮುಕಿ ಅಂದ್ರೆ ಕಲ್ಲು ಉಕ್ಕಿಗೆ ಬಡಿದಾಗ ಉಕ್ಕಿನ ಚೂರು ಹಾರಿ ಕಿಡಿಯಾಗೋದು. ಫೆರೋ ರಾಡ್ ಅಂದ್ರೆ ಕಬ್ಬಿಣ ಮತ್ತು ಸೀರಿಯಂ ಥರದ ಲೋಹಗಳ ಮಿಶ್ರಣ, 1903ರಲ್ಲಿ ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್ ಕಂಡುಹಿಡಿದಿದ್ದು, ಲೈಟರ್ ಒಳಗಿರೋ ಚಿಕ್ಕ ಕಲ್ಲು ಕೂಡ ಇದೇನೇ. ಇದನ್ನ ಚಾಕು ಬೆನ್ನಲ್ಲಿ ಗೀರಿದ್ರೆ ಚೂರುಗಳು ಗಾಳಿಗೆ ತಾನೇ ಹತ್ಕೊಂಡು ಉರಿಯುತ್ತೆ, ಕಿಡಿ 3000 ಡಿಗ್ರಿ ಹತ್ತಿರ ಇರುತ್ತೆ, ನೆನೆದಿದ್ರೂ ಒರೆಸಿ ಗೀರಿದ್ರೆ ಆಯ್ತು. ಚಳಿ, ಎತ್ತರ ಯಾವುದೂ ಲೆಕ್ಕಕ್ಕಿಲ್ಲ. ಆದ್ರೆ ಅದು ಕೊಡೋದು ಕಿಡಿ ಮಾತ್ರ, ಜ್ವಾಲೆ ಅಲ್ಲ. ಕಿಡಿ ಹಿಡಿಯೋಕೆ ಏನಾದ್ರೂ ಇಲ್ಲ ಅಂದ್ರೆ ಎಷ್ಟು ಗೀರಿದ್ರೂ ದೀಪಾವಳಿ ಸುರ್‌ಸುರ್‌ಬತ್ತಿ ನೋಡಿದ ಹಾಗೆ ಅಷ್ಟೇ. ಮತ್ತೆ ತೀರಾ ಸಣ್ಣ ರಾಡ್ ಬೇಡ, ಹೆಬ್ಬೆರಳು ದಪ್ಪ ಇದ್ರೆ ಮರಗಟ್ಟಿದ ಮುಷ್ಟೀಲೂ ಹಿಡಿಯೋಕಾಗುತ್ತೆ.

ಕಿಡಿ ಹಿಡಿಯೋಕೆ ಹತ್ತಿ ಉಂಡೆಗೆ ವ್ಯಾಸಲೀನ್ ತಿಕ್ಕಿ ಇಟ್ಕೊಳಿ. ನಮ್ಮ ಮನೇ ದೇವರ ದೀಪದಲ್ಲಿ ನಡೆಯೋದೇ ಇಲ್ಲೂ ನಡೆಯೋದು, ಬತ್ತಿ ತಾನು ಸುಡಲ್ಲ, ಎಣ್ಣೆ ಸುಡುತ್ತೆ. ಒಣ ಹತ್ತಿ ಭಗ್ ಅಂತ ಹತ್ತಿ ಕೆಲವು ಸೆಕೆಂಡಲ್ಲಿ ಮುಗಿಯುತ್ತೆ, ವ್ಯಾಸಲೀನ್ ಹಾಕಿದ್ದು ಮೂರ್ನಾಲ್ಕು ನಿಮಿಷ ಉರಿಯುತ್ತೆ. ಹಚ್ಚೋವಾಗ ಉಂಡೆನ ಸ್ವಲ್ಪ ಬಿಡಿಸಿ ಒಳಗಿನ ಒಣ ಎಳೆ ಮೇಲೆ ಬರೋ ಹಾಗೆ ಮಾಡಿ, ಕಿಡಿ ಅದನ್ನೇ ಹಿಡಿಯೋದು. ಎಂಟ್ಹತ್ತು ಉಂಡೆ ಒಂದು ಸಣ್ಣ ಜಿಪ್ ಕವರಲ್ಲಿ ಹಿಡಿಯುತ್ತೆ. ಗಾಳಿಗೆ ಆರದ ಸ್ಟಾರ್ಮ್ ಮ್ಯಾಚಸ್ ಅಂತ ಸಿಗುತ್ತೆ, ಬೇಕಾದ್ರೆ ಇಟ್ಕೊಳಿ, ನಾನು ಬಿಟ್ಟಿದ್ದೀನಿ.

ಈಗ ಒದ್ದೆ ಸೌದೆ ವಿಷಯ, ಇದು ನನಗೆ ತುಂಬಾ ಇಷ್ಟದ್ದು, ಯಾಕಂದ್ರೆ ಇದನ್ನ ನಾನು ಕಲಿತಿದ್ದು ಕೊಲರಾಡೋದಲ್ಲಲ್ಲ, ಮಲೆನಾಡಲ್ಲಿ ನಮ್ಮಜ್ಜಿ ಬಚ್ಚಲೊಲೆ ಮುಂದೆ. ಜುಲೈ ತಿಂಗಳ ಮಳೇಲಿ, ಸೌದೆ ಕೊಟ್ಟಿಗೇಲೇ ಹಸಿ ಹಸಿ ಇರೋವಾಗ, ಹಂಡೆ ನೀರು ಬೆಳಗ್ಗೆ 6ಕ್ಕೆ ಕಾದಿರ್ತಿತ್ತು. ಅಜ್ಜಿ ದೊಡ್ಡ ಕೊಳ್ಳಿಗೆ ಬೆಂಕಿ ಕೊಡ್ತಾನೇ ಇರ್ಲಿಲ್ಲ. ಮೊದಲು ಒಣ ಅಡಿಕೆ ಸಿಪ್ಪೆ, ಅದರ ಮೇಲೆ ಕಡ್ಡಿಪುಳ್ಳೆ, ಆಮೇಲೆ ಗರಟೆ, ಅದು ಕೆಂಡ ಆಗ್ತಿದ್ದ ಹಾಗೆ ಸೀಳಿದ ಸೌದೆ, ಹಸಿ ಸೌದೇನ ಒಲೆ ಪಕ್ಕದಲ್ಲೇ ಒರಗಿಸಿಡೋರು, ನಾಳೆಗೆ ಒಣಗಲಿ ಅಂತ. ಒದ್ದೆ ಸೌದೆ ಉರಿಯಲ್ಲ ಯಾಕೆ ಅಂದ್ರೆ ಮೊದಲು ಅದರೊಳಗಿನ ನೀರು ಆವಿಯಾಗ್ಬೇಕು, 1 ಕಿಲೋ ನೀರು ಆವಿಯಾಗೋಕೆ 2260 ಕಿಲೋಜೂಲ್ ಶಾಖ ಬೇಕು, ಅದೇ 1 ಕಿಲೋ ನೀರನ್ನ ಸೊನ್ನೆಯಿಂದ 100 ಡಿಗ್ರಿಗೆ ಕಾಯಿಸೋದಕ್ಕೆ ಬೇಕಾಗಿರೋದರ ಐದು ಪಟ್ಟಿಗಿಂತ ಜಾಸ್ತಿ. ಅಷ್ಟು ಶಾಖ ಪುಟ್ಟ ಬೆಂಕಿ ಹತ್ರ ಇರಲ್ಲ. ಹಾಗಾಗಿ ನೀರು ಕಮ್ಮಿ ಇರೋ ಸಣ್ಣ ಕಡ್ಡಿಯಿಂದ ಶುರು ಮಾಡಿ ಸಾಲ ತೀರಿಸಿದ ಹಾಗೆ ಹಂತ ಹಂತವಾಗಿ ಮೇಲೆ ಹೋಗ್ಬೇಕು.

ಅಡಿಕೆ ಸಿಪ್ಪೆ ಕೊಲರಾಡೋದಲ್ಲಿಲ್ಲ, ಆದ್ರೆ ಬದಲಿಗೆ ಬೇರೆ ಇದೆ. ಸ್ಪ್ರೂಸ್, ಪೈನ್ ಮರದ ಬುಡದ ಹತ್ರ ನೆರಳಲ್ಲಿ ಸತ್ತು ಒಣಗಿದ ಪೆನ್ಸಿಲ್ ದಪ್ಪದ ರೆಂಬೆಗಳು ಮರಕ್ಕೇ ಅಂಟ್ಕೊಂಡಿರುತ್ತೆ, ಮೇಲಿನ ಹಸಿರು ಕೊಡೆ ಹಿಡಿದಿರೋದ್ರಿಂದ ಮಳೇಲೂ ಅವು ಒಣಗೇ ಇರುತ್ತೆ, ಮುರಿದ್ರೆ ಲಟಕ್ ಅನ್ಬೇಕು, ಬಗ್ಗಿದ್ರೆ ಬಿಡಿ. ನೆಲದ ಮೇಲೆ ಬಿದ್ದಿದ್ದನ್ನ ಮುಟ್ಟಲೇಬೇಡಿ, ಅದು ಸ್ಪಂಜಿನ ಹಾಗೆ ನೀರು ಕುಡಿದಿರುತ್ತೆ. ಸ್ಪ್ರೂಸ್ ಕಾಂಡದಲ್ಲಿ ಗಾಯ ಆದ ಜಾಗದಲ್ಲಿ ರಾಳ ಉಂಡೆ ಕಟ್ಟಿರುತ್ತೆ, ನಮ್ಮ ಧೂಪದ ಮರದ ರಾಳದ ಥರಾನೇ, ಅದನ್ನ ಚಾಕೂಲಿ ಕೆತ್ತಿ ಹತ್ತಿ ಉಂಡೆ ಮೇಲೆ ಇಟ್ರೆ ಮಳೇಲೂ ಕರಿ ಹೊಗೆ ಬಿಟ್ಕೊಂಡು ಉರಿಯುತ್ತೆ. ಮಣಿಕಟ್ಟು ದಪ್ಪದ ಒಂದು ಸತ್ತ ಕೊಂಬೆ ಸೀಳಿದ್ರೆ ಒಳಗಿನ ತಿರುಳು ಒಣಗಿರುತ್ತೆ, ಅದರಿಂದ ಚಕ್ಕೆ ಎಬ್ಬಿಸ್ಕೊಳಿ. ಇದಕ್ಕೆ ಬೇಕಾಗಿರೋದು ಒಂದು ಗಟ್ಟಿ ಚಾಕು ಅಷ್ಟೇ, ಕೊಡಲಿ ಹೊರೋ ಅಗತ್ಯ ಇಲ್ಲ. ಮತ್ತೆ ಊದುಕೊಳವೆ! ಇಲ್ಲಿ ಅಂಗಡೀಲಿ ಮಡಚೋ ಸ್ಟೀಲ್ ಕೊಳವೆನ ಪಾಕೆಟ್ ಬೆಲ್ಲೋಸ್ ಅಂತ ಮಾರ್ತಾರೆ, ಪೆನ್ನಿನಷ್ಟೇ ಉದ್ದ, ಎಳೆದ್ರೆ ಒಂದೂವರೆ ಅಡಿ ಆಗುತ್ತೆ. ಅದನ್ನ ನೋಡಿದಾಗ ಅಜ್ಜಿ ನೆನಪಾಗಿ ಅಲ್ಲೇ ತಗೊಂಡೆ, ಇವತ್ತಿಗೂ ಅದು ನನ್ನ ಕಿಟ್ಟಲ್ಲಿದೆ. ಗಾಳೀನ ಸರಿಯಾಗಿ ಕೆಂಡದ ಬುಡಕ್ಕೇ ಕೊಡೋಕಾಗುತ್ತೆ, ಮುಖ ಹೊಗೆಗೆ ಕೊಡ್ಬೇಕಾಗಿಲ್ಲ.

ಸ್ಟೌ ಬಗ್ಗೆ ಬರೋಣ. ಸಣ್ಣ ಕಿಟ್ ಅಂದ್ರೆ ಸಾಮಾನ್ಯವಾಗಿ ಕ್ಯಾನಿಸ್ಟರ್ ಸ್ಟೌ, ಗ್ಯಾಸ್ ತುಂಬಿದ ಡಬ್ಬಿ ಮೇಲೆ ತಿರುಪಿ ಕೂರಿಸೋದು, ಪಾಕೆಟ್ ರಾಕೆಟ್ ಥರದ್ದು 75 ಗ್ರಾಂ ಆಸುಪಾಸು ತೂಗುತ್ತೆ. ಇಲ್ಲೂ ಲೈಟರ್ ಕತೇನೇ. ಡಬ್ಬಿ ಕೊಳ್ಳೋವಾಗ ಹಿಂದೆ ಏನು ಬರೆದಿದೆ ಓದಿ. ಬರೀ ಬ್ಯೂಟೇನ್ ಇದ್ರೆ ಬೇಡವೇ ಬೇಡ. ಐಸೋಬ್ಯೂಟೇನ್ ಕುದಿಯೋದು ಮೈನಸ್ 12 ಹತ್ತಿರ, ಪ್ರೊಪೇನ್ ಮೈನಸ್ 42ರಲ್ಲಿ, ಇವೆರಡರ ಮಿಶ್ರಣ ಇರೋದು ಬೇಕು. ಆದ್ರೂ ಒಂದು ತೊಡಕಿದೆ, ಪ್ರೊಪೇನ್ ಬೇಗ ಆವಿ ಆಗೋದ್ರಿಂದ ಅದೇ ಮೊದಲು ಖಾಲಿಯಾಗ್ತಾ ಹೋಗುತ್ತೆ, ಹಾಗಾಗಿ ಮೊದಲ ದಿನ ಭರ್ ಅಂತಿದ್ದ ಸ್ಟೌ ಮೂರನೇ ಬೆಳಗ್ಗೆ ಡಬ್ಬೀಲಿ ಗ್ಯಾಸ್ ಕುಲುಕಾಡ್ತಿದ್ರೂ ಮಿಣಿಮಿಣಿ ಅನ್ನುತ್ತೆ. ರಾತ್ರಿ ಡಬ್ಬೀನ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಕೊಂಡು ಮಲಗಿ, ಬೆಳಗ್ಗೆ ಉರಿಸೋವಾಗ ಒಂದು ತಟ್ಟೇಲಿ ಸ್ವಲ್ಪ ನೀರು ಹಾಕಿ ಅದರಲ್ಲಿ ನಿಲ್ಲಿಸಿ, ತಣ್ಣೀರಾದ್ರೂ ಪರವಾಗಿಲ್ಲ, ಮೈನಸ್ 10ರ ಗಾಳಿಗಿಂತ 5 ಡಿಗ್ರಿ ನೀರು ಡಬ್ಬಿಗೆ ಬೆಚ್ಚಗೇ. ಗಾಳಿಗೆ ಅಡ್ಡ ಅಂತ ತಗಡನ್ನ ಡಬ್ಬಿ ಸುತ್ತಾ ಪೂರ್ತಿ ಮುಚ್ಚಬೇಡಿ, ಶಾಖ ಒಳಗೇ ಸೇರಿ ಡಬ್ಬಿ ಸಿಡಿಯುತ್ತೆ. ಗಾಳಿ ಬರೋ ಒಂದು ಕಡೆ ಬ್ಯಾಗೋ ಕಲ್ಲೋ ದೂರದಲ್ಲಿ ಇಡಿ, ಸಾಕು.

ಅರ್ಧ ಲೀಟರ್ ನೀರು ಕುದಿಸೋಕೆ 7ರಿಂದ 10 ಗ್ರಾಂ ಗ್ಯಾಸ್ ಖರ್ಚಾಗುತ್ತೆ, ಹಾಗಾಗಿ 110 ಗ್ರಾಂ ಡಬ್ಬಿ ಒಬ್ಬರಿಗೆ ದಿನಕ್ಕೆ ನಾಲ್ಕು ಸಲ ಅಂದ್ರೂ ಸುಮಾರು ಮೂರು ದಿನಕ್ಕೆ ಬರುತ್ತೆ. ಹಿಮ ಕರಗಿಸಿ ನೀರು ಮಾಡ್ಕೋಬೇಕು ಅಂದ್ರೆ ಈ ಲೆಕ್ಕ ಬಿಟ್ಬಿಡಿ, ಸುಮಾರು ಎರಡು ಪಟ್ಟು ಅಂತ ಇಟ್ಕೊಳಿ, ಮತ್ತೆ ಪಾತ್ರೆಗೆ ಮೊದಲು ಒಂದೆರಡು ಗುಟುಕು ನೀರು ಹಾಕಿ ಆಮೇಲೆ ಹಿಮ ಹಾಕಿ, ಒಣ ಹಿಮ ಹಾಕಿದ್ರೆ ತಳ ಸೀಯುತ್ತೆ. ನವೆಂಬರ್ ಕೊನೆಗೆ ಹೋಗೋರಾದ್ರೆ ವೈಟ್ ಗ್ಯಾಸ್ (ಹೆಸರು ಗ್ಯಾಸ್ ಆದ್ರೂ ಪೆಟ್ರೋಲ್ ಥರದ ದ್ರವ) ಸ್ಟೌ ತಗೊಳೋದು ಸರಿ, ಅದು ನಮ್ಮ ಮನೆಗಳಲ್ಲಿ ಹಿಂದೆ ಇದ್ದ ಸೀಮೆಎಣ್ಣೆ ಪಂಪ್ ಸ್ಟೌ ತಮ್ಮ ಅಂದ್ಕೊಳಿ. ಪಂಪ್ ಹೊಡೆದು ಒತ್ತಡ ನಾವೇ ಕೊಡೋದ್ರಿಂದ ಚಳಿಗೆ ಹೆದರಲ್ಲ, ತೂಕ ಮಾತ್ರ ಜಾಸ್ತಿ. ಎಸ್‌ಬಿಟ್ ಅನ್ನೋ ಗಟ್ಟಿ ಇಂಧನದ ಬಿಳಿ ಬಿಲ್ಲೆ 1936ರಿಂದಲೂ ಇದೆ, ಜರ್ಮನಿಯದ್ದು, 14 ಗ್ರಾಮಿನ ಬಿಲ್ಲೆ 12 ನಿಮಿಷ ಉರಿಯುತ್ತೆ. ನಾನು ಎರಡು ಬಿಲ್ಲೆ ಜೇಬಿನ ಬೆಂಕಿ ಕಿಟ್ಟಲ್ಲಿ ಇಡ್ತೀನಿ, ಒದ್ದೆ ಸೌದೆ ಹಚ್ಚೋಕೂ ಆಗುತ್ತೆ, ಒಂದು ಲೋಟ ನೀರು ಕಾಯಿಸೋಕೂ ಆಗುತ್ತೆ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಯಾವ ಸ್ಟೌನೂ ಟೆಂಟ್ ಒಳಗೆ ಹಚ್ಚಬೇಡಿ. ಎಷ್ಟೇ ಚಳಿ ಇರ್ಲಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ತಲೆನೋವು ನಿದ್ದೆ ಬಂದ ಹಾಗೆ ಇರುತ್ತೆ, ಎದ್ದು ಹೊರಗೆ ಬರೋ ಬುದ್ಧಿ ಓಡೋ ಹೊತ್ತಿಗೆ ಕಾಲು ಏಳಲ್ಲ.

ಪಾತ್ರೆ 750 ಎಂಎಲ್ ಒಂದು ಸಾಕು, ಅದೇ ಲೋಟ, ಅದೇ ತಟ್ಟೆ. ಟೈಟಾನಿಯಂ ಹಗುರ, ಆದ್ರೆ ಶಾಖ ಹರಡಲ್ಲ, ಜ್ವಾಲೆ ತಾಗೋ ಜಾಗದಲ್ಲೇ ತಳ ಹಿಡಿಯುತ್ತೆ, ನೀರು ಕುದಿಸೋಕೆ ಮಾತ್ರ ಸರಿ. ಉಪ್ಪಿಟ್ಟು ಮಾಡ್ತೀನಿ ಅನ್ನೋರು ಅಲ್ಯೂಮಿನಿಯಂ ತಗೊಳಿ. ಪಾತ್ರೆ ಒಳಗೆ 110 ಗ್ರಾಂ ಡಬ್ಬಿ ಕೂರುತ್ತೆ, ಅದಕ್ಕೊಂದು ಬಟ್ಟೆ ಸುತ್ತಿ, ಮೇಲೆ ಸ್ಟೌ, ಪಕ್ಕದಲ್ಲಿ ಒಂದು ಲೈಟರ್, ಮುಚ್ಚಳ. ಆ ಬಟ್ಟೇನೇ ಬಿಸಿ ಪಾತ್ರೆ ಹಿಡಿಯೋಕೂ ಒರೆಸೋಕೂ. ಚಮಚ ಉದ್ದ ಹಿಡಿಕೇದು. ಎಲ್ಲಾ ಸೇರಿ ಅರ್ಧ ಕಿಲೋ ದಾಟಲ್ಲ.

ಅಡುಗೆ ವಿಷಯದಲ್ಲಿ ನಮ್ಮವರಿಗೆ ಆಗೋ ಮೊದಲ ಸೋಲು ಅನ್ನ ಸಾರು. 10,000 ಅಡೀಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತೆ. ಕುದೀತಾ ಇದೆಯಲ್ಲಾ ಅಂತ ನೋಡ್ತಾ ಕೂತ್ರೆ ಅಕ್ಕಿ ಒಳಗೆ ಕಾಳು ಕಾಳಾಗೇ ಇರುತ್ತೆ, ಬೇಳೆಯಂತೂ ಕುಕ್ಕರ್ ಇಲ್ಲದೆ ಬೇಯೋದೇ ಇಲ್ಲ ಅನ್ನಿ, ಗ್ಯಾಸ್ ಮುಗಿಯುತ್ತೆ ಅಷ್ಟೇ. ಉರಿ ಜಾಸ್ತಿ ಮಾಡಿದ್ರೆ ನೀರು ಬೇಗ ಆವಿಯಾಗುತ್ತೆ ಹೊರತು ಬಿಸಿ ಜಾಸ್ತಿ ಆಗಲ್ಲ. ಇಲ್ಲಿ ನಮ್ಮ ಹಳೇ ಪ್ರಯಾಣದ ಬುತ್ತಿಗೆ ಸರಿಸಾಟಿ ಇಲ್ಲ. ಅವಲಕ್ಕಿ ಭತ್ತ ನೆನೆಸಿ ಹುರಿದು ಕುಟ್ಟಿದ್ದು, ಅಂದ್ರೆ ಬೆಂದಾಗಿದೆ, ಬಿಸಿನೀರು ಹಾಕಿ ಮುಚ್ಚಿಟ್ರೆ 5 ನಿಮಿಷ. ರಾಗಿ ಹುರಿಹಿಟ್ಟಿಗೆ ಬೆಂಕಿನೂ ಬೇಡ, ಬೆಲ್ಲ ತುಪ್ಪ ಹಾಕಿ ಕಲಸಿದ್ರೆ ಹೊಟ್ಟೆ ತುಂಬುತ್ತೆ. ರವೆನ ಮನೇಲೇ ತುಪ್ಪದಲ್ಲಿ ಹುರಿದು ಒಗ್ಗರಣೆ, ಉಪ್ಪು, ಒಣಕೊಬ್ಬರಿ ಎಲ್ಲಾ ಸೇರಿಸಿ ಕವರಿಗೆ ಹಾಕಿಟ್ಟಿರ್ತೀನಿ, ಅಲ್ಲಿ ಕುದಿಯೋ ನೀರು ಹಾಕಿ ಟೋಪಿ ಒಳಗೆ ಪಾತ್ರೆ ಇಟ್ಟು ಸುತ್ತಿಬಿಡ್ತೀನಿ, ಗ್ಯಾಸ್ ಆಫ್, 10 ನಿಮಿಷಕ್ಕೆ ಹದವಾಗಿ ಅರಳಿರುತ್ತೆ. ಗೆಳೆಯರು 12 ಡಾಲರಿನ ಫ್ರೀಜ್ ಡ್ರೈ ಪ್ಯಾಕೆಟ್ ಬಿಟ್ಟು ಈಗ ಇದನ್ನೇ ಕೇಳ್ತಾರೆ. ತುಪ್ಪ ಗ್ರಾಮಿಗೆ 9 ಕ್ಯಾಲೊರಿ, ಚಳೀಲಿ ಮೈ ಬೆಚ್ಚಗಿಡೋಕೆ ಅದಕ್ಕಿಂತ ಹಗುರವಾದ ಸಾಮಾನು ಇನ್ನೊಂದಿಲ್ಲ. ಹೊಳೆ ನೀರು ಎಷ್ಟೇ ತಿಳಿ ಇದ್ರೂ ಕುದಿಸದೆ ಕುಡೀಬೇಡಿ, 6,500 ಅಡಿಗಿಂತ ಮೇಲೆ 3 ನಿಮಿಷ ಕುದಿಸ್ಬೇಕು.

ಎಲ್ಕ್ ಸಿಕ್ಕಿದ ರಾತ್ರೀನೇ ಮೆಣಸು ಉಪ್ಪು ಹಾಕಿ ತುಪ್ಪದಲ್ಲಿ ಹುರಿದು ತಿನ್ನೋ ಆಸೆ ಎಲ್ಲರಿಗೂ ಇರುತ್ತೆ. ಕೊಲರಾಡೋದಲ್ಲಿ ಜಿಂಕೆ ಎಲ್ಕ್‌ಗಳಿಗೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನೋ ಮೆದುಳಿನ ಕಾಯಿಲೆ ಇದೆ, ಅದಕ್ಕೆ ಕಾರಣವಾದ ಪ್ರಿಯಾನ್ ಅನ್ನೋ ಕೆಟ್ಟ ಪ್ರೋಟೀನ್ ಬೇಯಿಸಿದ್ರೂ ನಾಶ ಆಗಲ್ಲ. ಮನುಷ್ಯರಿಗೆ ಬಂದಿದ್ದು ಕಂಡಿಲ್ಲ, ಆದ್ರೂ ಟೆಸ್ಟಲ್ಲಿ ಪಾಸಿಟಿವ್ ಬಂದ ಮಾಂಸ ತಿನ್ಬೇಡಿ ಅಂತ ಆರೋಗ್ಯ ಇಲಾಖೆಯವರು ಹೇಳ್ತಾರೆ. ನಾವು ತಲೆ ಟೆಸ್ಟಿಗೆ ಕೊಟ್ಟು, ರಿಸಲ್ಟ್ ಬರೋತನಕ ಮಾಂಸ ಫ್ರೀಜರಲ್ಲೇ ಇಡ್ತೀವಿ. ಹಾಗಾಗಿ ಬಾಣಲೆ, ಎಣ್ಣೆ ಬಾಟ್ಲಿ ಎಲ್ಲಾ ಕಿಟ್ಟಿಂದ ಹೊರಗೆ ಹೋಯ್ತು, ತೂಕನೂ ಉಳೀತು. ಕರಡಿ ಇರೋ ಕಾಡು, ಅಡುಗೆ ಮಾಡೋ ಜಾಗ ಮಲಗೋ ಜಾಗದಿಂದ ನೂರು ಹೆಜ್ಜೆ ದೂರ ಇರ್ಲಿ, ಪಾತ್ರೆ, ತಿಂಡಿ ಟೆಂಟೊಳಗೆ ಬೇಡ.

ಇನ್ನು ಬೆಂಕಿ ಹಚ್ಚೋ ಮುಂಚೆ ಆ ವಾರ ಹಚ್ಚಬಹುದಾ ಅಂತ ನೋಡ್ಬೇಕು. ಕಾಡ್ಗಿಚ್ಚಿನ ಭಯಕ್ಕೆ ಹಾಕೋ ಸ್ಟೇಜ್ 1 ನಿರ್ಬಂಧ ಇದ್ರೆ ಕ್ಯಾಂಪ್‌ಗ್ರೌಂಡಲ್ಲಿ ಕಟ್ಟಿರೋ ಕಬ್ಬಿಣದ ಒಲೆಗಳಲ್ಲಿ ಮಾತ್ರ, ಸ್ಟೇಜ್ 2 ಇದ್ರೆ ಎಲ್ಲೂ ಇಲ್ಲ. ತಿರುಗಿಸಿ ಆಫ್ ಮಾಡೋ ಗ್ಯಾಸ್ ಸ್ಟೌಗೆ ಸಾಮಾನ್ಯವಾಗಿ ಎರಡರಲ್ಲೂ ಅನುಮತಿ ಇರುತ್ತೆ, ಸ್ಪಿರಿಟ್ ಸ್ಟೌಗೆ ಇರಲ್ಲ, ನಾನು ಅದನ್ನ ಬಿಟ್ಟಿದ್ದು ಅದಕ್ಕೇ. 2020ರ ಅಕ್ಟೋಬರ್ 14ಕ್ಕೆ ಕೊಲರಾಡೋದಲ್ಲಿ ಶುರುವಾದ ಈಸ್ಟ್ ಟ್ರಬಲ್ಸಮ್ ಅನ್ನೋ ಕಾಡ್ಗಿಚ್ಚು 1,93,000 ಎಕರೆಗಿಂತ ಜಾಸ್ತಿ ಸುಟ್ಟಿತು, ಇಬ್ಬರು ಸತ್ರು. ಹಚ್ಚಿದ್ದು ಮನುಷ್ಯರೇ, ಬೇಟೆಗೋ ಕ್ಯಾಂಪಿಂಗಿಗೋ ಹೋದವರ ಕೈಯಿಂದ ಆಗಿರ್ಬಹುದು ಅಂತ ತನಿಖೆಯವರು ಹೇಳಿದ್ರು. ಅದನ್ನ ಓದಿದಾಗ ನನಗೆ 2019ರ ಫೆಬ್ರವರೀಲಿ ಬಂಡೀಪುರ ಸುಟ್ಟ ಫೋಟೋಗಳು ಕಣ್ಮುಂದೆ ಬಂದ್ವು, ಅವತ್ತು ಇಲ್ಲಿ ಕೂತು ಅತ್ತಿದ್ದೆ. ಆರಿಸೋದು ಅಂದ್ರೆ ಮಣ್ಣು ಮುಚ್ಚೋದಲ್ಲ, ಮಣ್ಣಿನ ಕೆಳಗೆ ಕೆಂಡ ದಿನಗಟ್ಟಲೆ ಇರುತ್ತೆ. ನೀರು ಸುರಿದು, ಕಡ್ಡೀಲಿ ಕಲಸಿ, ಮತ್ತೆ ಸುರಿದು, ಅಂಗೈ ಹಿಂಭಾಗ ಬೂದಿ ಹತ್ರ ಹಿಡಿದು ನೋಡಿ. ಬಿಸಿ ಅನ್ಸಿದ್ರೆ ಇನ್ನೊಂದು ಸಲ. ನೀರಿಲ್ಲದ ಜಾಗದಲ್ಲಿ ಬೆಂಕಿ ಹಚ್ಚಲೇಬಾರದು, ಜೀವಕ್ಕೆ ಬಂದ್ರೆ ಮಾತ್ರ.

ಬೇರೆ ರಾಜ್ಯದಿಂದ ವಿಮಾನದಲ್ಲಿ ಬರೋರು ಗ್ಯಾಸ್ ಡಬ್ಬಿ ತರೋ ಹಾಗಿಲ್ಲ, ಇಳಿದ್ಮೇಲೆ ಕೊಳ್ಳಿ. ಸ್ಟೌ ತೊಳೆದು ಒಣಗಿಸಿ, ಇಂಧನದ ವಾಸನೆ ಕೂಡ ಇರ್ಬಾರದು.

ಹೊರಡೋ ವಾರ ಮನೆ ಹಿತ್ತಲಲ್ಲಿ ಒಂದು ಪರೀಕ್ಷೆ ಮಾಡಿ. ಬಕೆಟಲ್ಲಿ ಐಸ್ ನೀರು ಹಾಕಿ ಎರಡು ನಿಮಿಷ ಕೈ ಮುಳುಗಿಸಿ, ಒರೆಸದೆ ಜೇಬಿನ ಕಿಟ್ ತೆಗೆದು ಬೆಂಕಿ ಹಚ್ಚಿ. ನನ್ನ ಮೊದಲ ಕಿಟ್ ಇದರಲ್ಲಿ ಫೇಲಾಯ್ತು, ವ್ಯಾಸಲೀನ್ ಹತ್ತಿ ಇಟ್ಟಿದ್ದ ತಿರುಪಿನ ಡಬ್ಬಿ ತೆಗೆಯೋಕೇ ಆಗ್ಲಿಲ್ಲ. ಈಗ ಅದು ಹಲ್ಲಲ್ಲಿ ಕಚ್ಚಿ ಹರಿಯೋ ಕವರಲ್ಲಿದೆ, ಚೀಲದ ಜಿಪ್ಪಿಗೆ ಕಿತ್ತಳೆ ದಾರದ ದೊಡ್ಡ ಕುಣಿಕೆ ಕಟ್ಟಿದ್ದೀನಿ, ಇಡೀ ಮುಷ್ಟಿ ತೂರಿಸಿ ಎಳೆಯೋ ಹಾಗೆ, ಫೆರೋ ರಾಡನ್ನೂ ಅದೇ ದಾರಕ್ಕೆ ಕಟ್ಟಿದ್ದೀನಿ, ಕೈಜಾರಿದ್ರೆ ಹಿಮದಲ್ಲಿ ಹುಡುಕ್ಬೇಕಾಗಿಲ್ಲ.